ಕುಂತರೆ ಕಾಣಬಾರದು, ನಿಂತರೆ ಕಾಣಬೇಕು

ಹೊಸದಾಗಿ ಬಂದವರು ನನ್ನನ್ನು ಮೊದಲು ಕೇಳುತ್ತಿದ್ದದ್ದು, "ಮೇಡಂ, ನಮಗೆ ಗಾರೆ ಕೆಲಸ ಬರಬೇಕಾ?" ಅಂತ.

ಬರಬೇಕಿಲ್ಲ. ನನಗೂ ಬರುತ್ತಿರಲಿಲ್ಲ. ಇವತ್ತಿಗೂ ನಾನು ಗೋಡೆಗೆ ಮೆತ್ತಿದ ಗಾರೆಯಲ್ಲಿ ಅರ್ಧ ನೆಲಕ್ಕೇ ಬೀಳುತ್ತದೆ. ಆದರೂ ಚಿತ್ರದುರ್ಗದ ಒಂದು ಸಣ್ಣ ಸೇವಾ ಸಂಸ್ಥೆಯಲ್ಲಿ, ಬಡ ಮುದುಕ ಮುದುಕಿಯರ ಮನೆ ರಿಪೇರಿ ಮಾಡಿಸುವ ಕೆಲಸವನ್ನೇ ಮಾಡಿಕೊಂಡು ನನ್ನ ತಲೆಗೂದಲು ಬೆಳ್ಳಗಾಯಿತು. ರಿಪೇರಿ ಮಾಡುವವರು ಸ್ವಯಂಸೇವಕರು. ಭಾನುವಾರ ಬರುತ್ತಾರೆ, ಸಂಜೆ ಬಸ್ಸು ಹತ್ತಿ ಹೋಗುತ್ತಾರೆ. ಅವರು ಬರುವುದಕ್ಕೆ ಮುಂಚೆ ಊರಿಗೆ ಹೋಗಿ, ಮನೆ ನೋಡಿ, ಮನೆಯವರ ಹತ್ತಿರ ಮಾತಾಡಿ, ಏನು ಮಾಡಬೇಕು ಅಂತ ಗೊತ್ತುಮಾಡಿಕೊಂಡು ಬರುವುದು ನನ್ನ ಕೆಲಸ. ಮಂಡಿ ನೋವು ಜಾಸ್ತಿಯಾಗಿ ಹಳ್ಳಿ ಬಸ್ಸಿನ ಮೆಟ್ಟಿಲು ಹತ್ತಲಾಗದೆ ಕೆಲಸ ಬಿಟ್ಟೆ. ನನ್ನ ಜಾಗಕ್ಕೆ ಬಂದಿರುವ ಹುಡುಗಿ, "ಅಕ್ಕಾ, ನೀವು ಹೋಗಿ ಏನು ಕೇಳ್ತಿದ್ರಿ?" ಎಂದು ಫೋನ್ ಮಾಡುತ್ತಲೇ ಇರುತ್ತಾಳೆ. ಫೋನಿನಲ್ಲಿ ಹೇಳಿ ಮುಗಿಯುವುದಲ್ಲ ಅಂತ ಬರೆಯಲು ಕೂತಿದ್ದೇನೆ.

ನನ್ನ ಜೊತೆ ಕೊನೆಯವರೆಗೂ ಇದ್ದವರು ಇಬ್ಬರು. ಒಬ್ಬರು ನಮ್ಮ ಮೇಲಿನವರು, ನಿವೃತ್ತ ಇಂಜಿನಿಯರ್. ಎಲ್ಲರೂ ಅವರನ್ನು ಸಾರ್ ಅಂತಲೇ ಕರೆಯುತ್ತಿದ್ದರು, ನಾನೂ ಇಲ್ಲಿ ಸಾರ್ ಅಂತಲೇ ಬರೆಯುತ್ತೇನೆ. ಬೆಳಿಗ್ಗೆ ಚಂದ್ರವಳ್ಳಿ ಕಡೆ ವಾಕಿಂಗ್ ಮುಗಿಸಿ, ಅದೇ ಕ್ಯಾನ್ವಾಸ್ ಬೂಟಿನಲ್ಲಿ ಆಫೀಸಿಗೆ ಬರುತ್ತಿದ್ದರು. ಸಿಟ್ಟು ಬೇಗ, ಇಳಿಯುವುದೂ ಬೇಗ. ಇನ್ನೊಬ್ಬರು ಗಾರೆಯ ಖಾಸಿಂ ಸಾಬ್. ವಾರವೆಲ್ಲಾ ಕೂಲಿಗೆ ಗೋಡೆ ಕಟ್ಟಿ, ಭಾನುವಾರ ನಮಗಾಗಿ ಸುಮ್ಮನೆ ಬಂದು ಗೋಡೆ ಕಟ್ಟುತ್ತಿದ್ದರು. "ಬಿಡುವಿದ್ರೆ ಮನೇಲಿ ಬೈಸ್ಕೊಂತೀನಿ ಶಾರದಕ್ಕ, ಅದಕ್ಕೇ ಬರ್ತೀನಿ," ಎನ್ನುತ್ತಿದ್ದರು.

ಸ್ವಯಂಸೇವಕರು ಯಾಕೆ ಬರುತ್ತಾರೆ ಅನ್ನುವುದು ನನಗೆ ಯಾವಾಗಲೂ ಕುತೂಹಲ. ಹಾಸ್ಟೆಲ್ ಹುಡುಗಿಯರು ಊರು ನೋಡಲು ಬರುತ್ತಿದ್ದರು. ಬ್ಯಾಂಕಿನವರೊಬ್ಬರು ಹೊಟ್ಟೆ ಕರಗಿಸಬೇಕೆಂದು ಬಂದು, ಮಧ್ಯಾಹ್ನದ ಊಟದಲ್ಲಿ ಮೂರನೆಯ ಸಲ ಅನ್ನ ಹಾಕಿಸಿಕೊಳ್ಳುತ್ತಿದ್ದರು. ಹೆಂಡತಿ ತೀರಿಕೊಂಡ ಮೇಷ್ಟ್ರೊಬ್ಬರು ಒಂದು ಭಾನುವಾರವನ್ನೂ ತಪ್ಪಿಸುತ್ತಿರಲಿಲ್ಲ. ಯಾಕೆ ಬಂದರೂ ಸರಿಯೇ. ಆದರೆ ಬಂದ ದಿನವೇ ಯಾರ ಕೈಗೂ ಬಣ್ಣದ ಬ್ರಷ್ ಕೊಡಬೇಡಿ. ಮೊದಲು ಮನೆ ಖಾಲಿ ಮಾಡುವ ಕೆಲಸ ಕೊಡಿ. ಒಂದು ಮನೆಯ ಸಾಮಾನೆಲ್ಲ ಬೀದಿಗೆ ಬಂದಾಗ ಆ ಮನೆಯವರ ಮುಖ ನೋಡಲಾಗುವುದಿಲ್ಲ. ಇಷ್ಟು ವರ್ಷ ಒಳಗಿದ್ದ ಹರಿದ ಕೌದಿ, ಸೊಟ್ಟ ತಪ್ಪಲೆ, ಬೀಗವಿಲ್ಲದ ಟ್ರಂಕು ಎಲ್ಲವನ್ನೂ ಊರು ನಿಂತು ನೋಡುತ್ತದೆ. ಅದಕ್ಕೇ ನಾನು ಚೀಲದಲ್ಲಿ ಎರಡು ಹಳೇ ಸೀರೆ ಇಟ್ಟುಕೊಂಡಿರುತ್ತಿದ್ದೆ, ಹಗ್ಗ ಕಟ್ಟಿ ಮರೆ ಮಾಡಲು. ಟ್ರಂಕನ್ನು ಎಳೆಯದೆ, ಇಬ್ಬರು ಹಿಡಿದು ಎತ್ತಿ ತಂದು, ಮುಚ್ಚಳ ಬೀದಿಯ ಕಡೆ ತೆರೆದುಕೊಳ್ಳದ ಹಾಗೆ ತಿರುಗಿಸಿ ಇಟ್ಟವರು ಮುಂದಿನ ಭಾನುವಾರವೂ ಬರುತ್ತಿದ್ದರು. ಯಾಕೋ, ಈ ಲೆಕ್ಕ ತಪ್ಪಿದ್ದು ಕಡಿಮೆ.

ಕೇಳುವುದನ್ನು ನಾನು ಕಲಿತದ್ದು ಹಿರಿಯೂರಿನಲ್ಲಿ, ಕ್ಷೌರದ ತಿಪ್ಪೇಸ್ವಾಮಿಯವರಿಂದ.

ಅವರದು ಪೇಟೆಯ ಹಿಂದಿನ ಓಣಿಯಲ್ಲಿ ಒಂದೇ ಕೋಣೆಯ ಹೆಂಚಿನ ಮನೆ. ಮುಂದೆ ಕಲ್ಲಿನ ಕಟ್ಟೆ. ಆ ಕಟ್ಟೆಯ ಮೇಲೇ ಕೂರಿಸಿ ಅರ್ಧ ಊರಿಗೆ ಕ್ಷೌರ ಮಾಡಿದವರು. ಕೈ ನಡುಗಲು ಶುರುವಾದ ಮೇಲೆ ಕತ್ತಿ ಕೆಳಗಿಟ್ಟಿದ್ದರು. ನಾನು ಹೋದಾಗ ಹೆಂಚು ಒಡೆದು ಕೋಣೆಯೊಳಗೆ ಬಿಸಿಲಿನ ಕೋಲುಗಳು ಇಳಿದಿದ್ದವು. ಹೊರಗೆ ಕಟ್ಟೆಯ ಚಪ್ಪಡಿಯೂ ನಡುವೆ ಸೀಳಿ ಒಂದು ಕಡೆ ವಾಲಿತ್ತು.

"ಏನು ಮಾಡಿಸಿಕೊಡಲಿ ಯಜಮಾನರೇ?" ಎಂದೆ.

"ಕಟ್ಟೆ," ಎಂದರು.

"ಹೆಂಚು?"

"ಅದು ಆಮೇಲೆ ನೋಡಾಣ. ಕಟ್ಟೆ ಮಾಡ್ಸಿಕೊಡ್ರಿ."

ನಾನು ಬಂದು ಹೇಳಿದಾಗ ಸಾರ್ ರೇಗಿದರು. "ಮಳೆ ಬಂದರೆ ಕಟ್ಟೆಯ ಕೆಳಗೆ ಹೋಗಿ ಮಲಗ್ತಾರಾ? ಹೆಂಚು ಮೊದಲು!" ಸಾರ್ ಹೇಳಿದ್ದೂ ನಿಜವೇ, ಆ ಸೂರಿನ ಕೆಳಗೆ ಒಂದು ಮಳೆಗಾಲ ಕಳೆಯುವ ಹಾಗಿರಲಿಲ್ಲ. ಆದರೆ ನನ್ನ ತಲೆಯಲ್ಲಿ ಹುಳ ಕೊರೆಯುತ್ತಲೇ ಇತ್ತು. ಸೋರುವ ಮನೆಯವನು ಕಟ್ಟೆ ಯಾಕೆ ಕೇಳುತ್ತಾನೆ? ಮತ್ತೆ ಹಿರಿಯೂರಿಗೆ ಹೋದೆ. ಈ ಸಲ ಏನು ಬೇಕು ಅಂತ ಕೇಳಲಿಲ್ಲ. ಬೆಳಿಗ್ಗೆ ಎದ್ದು ಸಂಜೆಯವರೆಗೆ ಏನೇನು ಮಾಡುತ್ತೀರಿ ಅಂತ ಕೇಳಿದೆ.

ತಿಪ್ಪೇಸ್ವಾಮಿಯವರು ಸೀಳಿದ ಚಪ್ಪಡಿಯನ್ನು ಕೈಯಿಂದ ಸವರಿದರು. ಆಮೇಲೆ ಹೇಳಿದರು: "ಕೈ ಬಿದ್ದ ಮ್ಯಾಲೆ ಕ್ಷೌರಕ್ಕೆ ಯಾರೂ ಬರ್ತಿರ್ಲಿಲ್ಲಮ್ಮ. ಆದ್ರೆ ಕೂರಾಕೆ ಬರ್ತಿದ್ರು. ಹಳೇ ಗಿರಾಕಿಗಳು. ಪೇಪರ್ ಓದೋರು, ಜಗಳ ಆಡೋರು. ಕಟ್ಟೆ ಸೀಳಿದ ಮ್ಯಾಲೆ ಒಬ್ಬ ಜಾರಿ ಬಿದ್ದ. ಅಲ್ಲಿಂದ ಎಲ್ರೂ ಬರೋದು ನಿಲ್ಸಿದ್ರು. ಸೂರು ಸೋರಿದ್ರೆ ಪಾತ್ರೆ ಇಡ್ತೀನಿ. ಮಂದಿ ಬರ್ದಿದ್ರೆ ಏನಿಡ್ಲಿ?"

ಸಾರ್‌ಗೆ ಅದನ್ನು ತಿಪ್ಪೇಸ್ವಾಮಿಯವರ ಮಾತಿನಲ್ಲೇ ಒಪ್ಪಿಸಿದೆ. ಅವರು ಬೂಟಿನ ದಾರ ಬಿಗಿದುಕೊಳ್ಳುತ್ತಾ, "ಎರಡೂ ಮಾಡಿಬಿಡಿ," ಎಂದರು.

ಆ ಭಾನುವಾರ ಬ್ಯಾಂಕಿನವರ ಗುಂಪು ಹೆಂಚು ಹೊದಿಸಿತು, ಖಾಸಿಂ ಸಾಬ್ ಕಟ್ಟೆ ಕೂರಿಸಿದರು. ಗಾರೆ ಇನ್ನೂ ಹಸಿಯಿದ್ದಾಗಲೇ ಓಣಿಯ ಆ ತುದಿಯಿಂದ ಒಬ್ಬ ಮುದುಕರು ಬಂದು ನಿಂತರು. ಅವರ ಹಿಂದೆ ಇನ್ನೊಬ್ಬರು, ಕಂಕುಳಲ್ಲಿ ಪೇಪರು. "ಇನ್ನೂ ಹಸಿ ಐತೆ, ನಾಳೆ ಬಂದು ಕುಂತ್ಕಳ್ರಿ," ಎಂದು ಖಾಸಿಂ ಸಾಬ್ ಅಂದರೂ ಯಾರೂ ಹೋಗಲಿಲ್ಲ. ಕಟ್ಟೆಯ ಸುತ್ತ ನಿಂತುಕೊಂಡೇ ಜಗಳ ಶುರುಮಾಡಿದರು. ತಿಪ್ಪೇಸ್ವಾಮಿಯವರು ಒಳಗೆ ಹೋಗಿ ಹೊಸ ಸೂರನ್ನು ನೋಡಿದ್ದು ನಾವು ಹೊರಡುವ ಹೊತ್ತಿಗೆ.

ಅಲ್ಲಿಂದ ನನ್ನ ಪ್ರಶ್ನೆ ಬದಲಾಯಿತು. ಏನು ಕೆಟ್ಟಿದೆ ಅಂತ ಕೇಳುವುದನ್ನು ಬಿಟ್ಟು, ದಿನ ಹೇಗೆ ಹೋಗುತ್ತದೆ ಅಂತ ಕೇಳತೊಡಗಿದೆ. ಕೇಳಿದ್ದು ಸಾಲದು, ನೋಡಲೂ ಬೇಕು ಅಂತ ಗೊತ್ತಾದದ್ದು ಹೊಸದುರ್ಗ ತಾಲ್ಲೂಕಿನಲ್ಲಿ, ಮತ್ತೋಡು ಹತ್ತಿರದ ಒಂದು ಹಟ್ಟಿಯಲ್ಲಿ.

ಬೀರಜ್ಜ ಅಲ್ಲಿಯವರು. ಕುರಿ ಕಾಯ್ದುಕೊಂಡೇ ಬಾಳಿದವರು. ಕಣ್ಣು ಪೂರ್ತಿ ಹೋಗಿತ್ತು. ಪಕ್ಕದ ಓಣಿಯ ಮಗಳು ದಿನಾ ಬಂದು ಅಡಿಗೆ ಮಾಡಿಟ್ಟು ಹೋಗುತ್ತಿದ್ದಳು. ಮನೆಯ ಮಣ್ಣಿನ ನೆಲ ಎದ್ದುಹೋಗಿ, ಅಲ್ಲಲ್ಲಿ ಗುಂಡಿ, ಅಲ್ಲಲ್ಲಿ ದಿಣ್ಣೆ. "ಎಲ್ಲಾದ್ರೂ ಎಡವಿ ಬಿದ್ರೆ ಏನು ಗತಿ," ಎಂದು ಮಗಳೇ ನಮಗೆ ಹೇಳಿಕಳಿಸಿದ್ದಳು. ಅದರಲ್ಲಿ ಯೋಚಿಸುವುದು ಏನೂ ಇಲ್ಲ ಅನಿಸಿತು ನಮಗೆಲ್ಲ. ಕುರುಡರಿಗೆ ಸಮತಟ್ಟಾದ ನೆಲ ಬೇಕು. ಬೀರಜ್ಜನನ್ನು ಮಗಳ ಮನೆಗೆ ಕಳಿಸಿ, ನೆಲವನ್ನೆಲ್ಲ ಅಗೆದು, ಕಾಂಕ್ರೀಟ್ ಹಾಕಿ, ಮೇಲೆ ಕನ್ನಡಿಯ ಹಾಗೆ ಸಿಮೆಂಟ್ ಮೆರುಗು ಕೊಟ್ಟೆವು. ಹಾಸ್ಟೆಲ್ ಹುಡುಗಿಯರು ಬಾಗಿಲಿಗೆ ಮಾವಿನ ತೋರಣ ಕಟ್ಟಿದರು.

ನೆಲ ಗಟ್ಟಿಯಾದ ಮೇಲೆ ಮಗಳು ಅಪ್ಪನನ್ನು ಕೈ ಹಿಡಿದು ಕರೆತಂದಳು. ಬೀರಜ್ಜ ಹೊಸಿಲು ದಾಟಿ ಒಳಗೆ ಕಾಲಿಟ್ಟರು. ಒಂದು ಹೆಜ್ಜೆ ಇಟ್ಟು ನಿಂತರು. ಪಾದವನ್ನು ಅತ್ತ ಒಮ್ಮೆ ಇತ್ತ ಒಮ್ಮೆ ಸವರಿದರು.

"ಇದ್ಯಾರ ಮನೆ?" ಎಂದರು.

"ನಮ್ಮದೇ ಅಪ್ಪ," ಎಂದಳು ಮಗಳು.

"ಒಲೆ ಎಲ್ಲೈತೆ?"

ಒಲೆ ಇದ್ದಲ್ಲೇ ಇತ್ತು. ಆದರೆ ಅವರಿಗೆ ಅದು ಸಿಗಲಿಲ್ಲ. ನಾವು ಗುಂಡಿ ಅಂದುಕೊಂಡದ್ದು ಹಳೇ ಒರಳಿನ ಜಾಗ. ಅದರಿಂದ ಬಲಕ್ಕೆ ತಿರುಗಿದರೆ ಒಲೆ. ದಿಣ್ಣೆಯಿಂದ ಕಾಲು ಇಳಿಸಿದರೆ ನೀರಿನ ಗಡಿಗೆ. ಬಾಗಿಲ ಹತ್ತಿರ ಮಣ್ಣು ಎದ್ದು ಮರಳು ಮರಳಾಗಿದ್ದರೆ ಅದು ಬಾಗಿಲಿನ ಗುರುತು. ಇಡೀ ಮನೆ ಅವರ ಪಾದಕ್ಕೆ ಗೊತ್ತಿತ್ತು. ನಾವು ಅದನ್ನೆಲ್ಲ ಒರೆಸಿ, ಬಯಲು ಮಾಡಿ ಇಟ್ಟಿದ್ದೆವು.

ಹುಡುಗಿಯರ ಮುಖ ಸಪ್ಪಗಾಯಿತು. ಬೀರಜ್ಜ ಮಾತ್ರ ಬೇಜಾರು ಮಾಡಿಕೊಳ್ಳಲಿಲ್ಲ. "ಕುರಿ ಮೇಯ್ಸಾಕೆ ಹೊಸ ಕಾವಲಿಗೆ ಬಂದಂಗಾತು ಬಿಡ್ರಿ," ಎಂದು ನೆಲದ ಮೇಲೆ ಕೂತು, ಅಂಗೈಯಿಂದ ಸವರಿ ನೋಡಿದರು. "ನುಣ್ಣಗೈತೆ. ಚೆಂದೈತೆ. ಆದ್ರೆ ಇದ್ರಾಗೆ ಏನೂ ಬರ್ದಿಲ್ಲ."

ಖಾಸಿಂ ಸಾಬ್ ಉಳಿ ಸುತ್ತಿಗೆ ತೆಗೆದರು. ಬೀರಜ್ಜ ನಿಂತು ಹೇಳುವುದು, ಖಾಸಿಂ ಸಾಬ್ ಹೊಸ ನೆಲವನ್ನು ಅಲ್ಲಲ್ಲಿ ಕೆತ್ತಿ ಒರಟು ಮಾಡುವುದು. ನನ್ನ ಕಣ್ಣಿಗೆ ಎಲ್ಲ ಒರಟೂ ಒಂದೇ ಥರ ಇತ್ತು. ಬೀರಜ್ಜನಿಗೆ ಹಾಗಿರಲಿಲ್ಲ. ಬಾಗಿಲ ಹತ್ತಿರದ್ದು ಬೇರೆ ಬೇಕು, ಗಡಿಗೆಯ ಹತ್ತಿರದ್ದು ಬೇರೆ ಬೇಕು.

"ಒಲೆ ಹತ್ರದ್ದು ಕುರಿ ನಾಲಿಗೆ ಹಂಗಿರ್ಲಿ ಸಾಬಣ್ಣ. ತೀರಾ ಚುಚ್ಚಬಾರ್ದು."

"ಕುರಿ ನಾಲಿಗೆ ನಾನೇನು ಮುಟ್ಟೀನಾ ಅಜ್ಜ?"

"ತಿಂದಿಲ್ಲೇನು? ತಿನ್ನೋವಾಗ ನೋಡ್ಬೇಕಿತ್ತು!"

ಎಲ್ಲರೂ ನಕ್ಕುಬಿಟ್ಟರು. ಕೆತ್ತಿ ಮುಗಿಯುವ ಹೊತ್ತಿಗೆ ಬೀರಜ್ಜ ಬಾಗಿಲಿಂದ ಗಡಿಗೆಗೆ, ಗಡಿಗೆಯಿಂದ ಒಲೆಗೆ, ಯಾರ ಕೈಯನ್ನೂ ಹಿಡಿಯದೆ ನಡೆದರು. ಸಾರ್ ಆ ಮೆರುಗಿನ ನೆಲದ ಗತಿಯನ್ನು ಬಂದು ನೋಡಿದವರು ರೇಗಲಿಲ್ಲ. ತಾವೂ ಬೂಟು ಬಿಚ್ಚಿ, ಕಣ್ಣು ಮುಚ್ಚಿಕೊಂಡು ಬಾಗಿಲಿಂದ ಒಲೆಯವರೆಗೆ ನಡೆದು ನೋಡಿದರು. ಗೋಡೆಗೆ ಹೋಗಿ ಡಿಕ್ಕಿ ಹೊಡೆದರು ಅನ್ನುವುದು ಬೇರೆ ಮಾತು.

ಆಮೇಲಿಂದ ನಮ್ಮಲ್ಲಿ ಒಂದು ಪದ್ಧತಿ ಬಂತು. ಅಳತೆಯ ಟೇಪು ತೆಗೆಯುವ ಮುಂಚೆ, ಅರ್ಧ ದಿನ ಆ ಮನೆಯಲ್ಲಿ ಸುಮ್ಮನೆ ಕೂರಬೇಕು. ಮನೆಯವರು ಎಲ್ಲಿ ಕೈ ಊರುತ್ತಾರೆ, ಎಲ್ಲಿ ಬಗ್ಗುತ್ತಾರೆ, ಯಾವ ಮೂಲೆಗೆ ಹೋಗುವುದೇ ಇಲ್ಲ ಎಂದು ನೋಡಬೇಕು. ಈಗ ಎಲ್ಲರ ಕೈಯಲ್ಲೂ ಮೊಬೈಲ್ ಇದೆ. ಹೋದ ತಕ್ಷಣ ವಿಡಿಯೋ ಮಾಡಿ ವಾಟ್ಸಾಪ್ ಗುಂಪಿಗೆ ಹಾಕುತ್ತಾರೆ, ಚಿತ್ರದುರ್ಗದಲ್ಲಿ ಕೂತವರು ಅದನ್ನು ನೋಡಿ ಇಷ್ಟು ಸಿಮೆಂಟು ಇಷ್ಟು ಶೀಟು ಎಂದು ಹೇಳಿಬಿಡುತ್ತಾರೆ. ಅನುಕೂಲವೇ, ಬೇಡ ಅನ್ನುವುದಿಲ್ಲ. ಆದರೆ ವಿಡಿಯೋದಲ್ಲಿ ಸೆಕೆ ಕಾಣುವುದಿಲ್ಲ. ತುರುವನೂರು ಕಡೆ ಒಬ್ಬ ಅಜ್ಜಿಯ ಮಣ್ಣಿನ ಮಾಳಿಗೆ ತೆಗೆಸಿ ತಗಡಿನ ಶೀಟು ಹಾಕಿಸಿದ್ದೆವು. ಚೈತ್ರದಲ್ಲಿ ಹೋಗಿ ನೋಡಿದರೆ ಅಜ್ಜಿ ಹಗಲೆಲ್ಲ ಬೇವಿನ ಮರದ ಕೆಳಗೇ ಸಂಸಾರ ಹೂಡಿದ್ದರು. "ಒಳಗೆ ಹೋದ್ರೆ ಹಪ್ಪಳ ಆಗ್ತೀನಿ," ಎಂದರು. ಅಲ್ಲಿಂದ ನಾವು ಮಾಳಿಗೆ ಇದ್ದ ಕಡೆ ಮಾಳಿಗೆಯನ್ನೇ ಉಳಿಸಿ, ತಾಡಪಾಲು ಹಾಸಿ, ಅದರ ಮೇಲೆ ನೀರು ಇಳಿಯಗೊಡದ ಚೌಳು ಮಣ್ಣನ್ನು ಹೊದಿಸತೊಡಗಿದೆವು.

ಹೀಗೆ ಹೇಳುತ್ತಾ ಹೋದರೆ ಬಹಳ ಮನೆಗಳಿವೆ. ಆದರೆ ಯಾವ ಮನೆ ಹೆಚ್ಚು ನೆನಪಾಗುತ್ತದೆ ಎಂದು ಕೇಳಿದರೆ, ಹೊಳಲ್ಕೆರೆ ಕಡೆಯ ಹಳ್ಳಿಯ ಆ ಇಬ್ಬರ ಮನೆ.

ಇಬ್ಬರೂ ಒಬ್ಬನೇ ಗಂಡನ ಹೆಂಡಿರು. ಹಿರಿಯಾಕೆ ಹನುಮಕ್ಕ, ಕಿರಿಯಾಕೆ ಗೌರಮ್ಮ. ಹನುಮಕ್ಕನಿಗೆ ಮಕ್ಕಳಾಗಲಿಲ್ಲವೆಂದು ಗಂಡ ಗೌರಮ್ಮನನ್ನು ಕಟ್ಟಿಕೊಂಡು ಬಂದ. ಗೌರಮ್ಮನಿಗೂ ಆಗಲಿಲ್ಲ. ಜಗಳ ತಾಳಲಾರದೆ ಅವನು ಉದ್ದನೆಯ ಮಾಳಿಗೆ ಮನೆಯ ನಡುವೆ ಸೂರು ಮುಟ್ಟುವ ಮಣ್ಣಿನ ಗೋಡೆ ಎಬ್ಬಿಸಿ, ಎರಡು ಬಾಗಿಲು ಇಡಿಸಿದ. ಆಮೇಲೆ ಅವನು ಸತ್ತು ಎಷ್ಟೋ ಕಾಲವಾಯಿತು. ಗೋಡೆಯ ಈಚೆ ಹನುಮಕ್ಕ, ಆಚೆ ಗೌರಮ್ಮ. ಕೂಲಿಗೆ ಒಂದೇ ಹೊಲಕ್ಕೆ ಹೋದರೂ ಮಾತಿಲ್ಲ.

ಒಂದು ಮಳೆಗಾಲದ ಮಧ್ಯಾಹ್ನ ಆ ಗೋಡೆ ಕುಸಿದು ಬಿತ್ತು. ದೇವರ ದಯೆ, ಇಬ್ಬರೂ ಹೊರಗಿದ್ದರು. ಮಾಳಿಗೆಯ ದೊಡ್ಡ ತೊಲೆ ಆ ಗೋಡೆಯ ಮೇಲೇ ಕೂತಿತ್ತು. ಊರವರು ತೊಲೆಗೆ ಒಂದು ನೀಲಗಿರಿ ಬೊಂಬು ಆನಿಸಿ ನಮಗೆ ಫೋನ್ ಮಾಡಿದರು.

ನಾನು ಹೋದಾಗ ಹನುಮಕ್ಕನ ಬಾಗಿಲಿಂದ ಒಳಗೆ ಹೋಗಿ, ಬಿದ್ದ ಮಣ್ಣು ದಾಟಿ, ಗೌರಮ್ಮನ ಬಾಗಿಲಿಂದ ಹೊರಗೆ ಬಂದೆ. ತೊಲೆ ಸಣ್ಣಗೆ ಬಿರುಕು ಬಿಟ್ಟಿತ್ತು. ಅದರ ಮೇಲೆ ಮಾಳಿಗೆಯ ಮಣ್ಣಿನ ಭಾರವೆಲ್ಲ. ಇನ್ನೊಂದು ದೊಡ್ಡ ಮಳೆಗೆ ಇದು ನಿಲ್ಲುವುದಿಲ್ಲ ಅನ್ನುವುದು ನನಗೂ ತಿಳಿಯಿತು. ಅದರ ಕೆಳಗೇ ಇಬ್ಬರೂ, ಬೆನ್ನು ತಿರುಗಿಸಿಕೊಂಡು, ಎರಡು ಒಲೆ ಹಚ್ಚಿಕೊಂಡು ಇದ್ದರು.

ಹನುಮಕ್ಕ ಗಿಡ್ಡಗಿನ ಮೈಯಾಕೆ, ದೊಡ್ಡ ದನಿ. "ಗೋಡೆ ಬ್ಯಾಡ ಕಣವ್ವ. ಮಂಡಿ ಮಟ್ಟ ಕಟ್ಟು, ಸಾಕು."

ಗೌರಮ್ಮ ಎತ್ತರದಾಕೆ, ದನಿ ಸಣ್ಣದು. ನನ್ನನ್ನು ಹೊರಗೆ ಕರೆದುಕೊಂಡು ಹೋಗಿ ಹೇಳಿದರು: "ಸೂರು ಮುಟ್ಟೋ ಹಂಗೆ ಕಟ್ರಿ. ಮೊದ್ಲು ಹೆಂಗಿತ್ತೋ ಹಂಗೇ."

ನನಗೆ ಇದು ತಿರುಗುಮುರುಗು ಅನಿಸಿತು. ಮನೆಗೆ ಸವತಿ ಬಂದು ಸಂಕಟಪಟ್ಟವಳು ಹನುಮಕ್ಕ. ಗೋಡೆ ಕೇಳಬೇಕಾದವಳು ಅವಳು. ಅವಳಿಗೆ ಬೇಡ, ಇವಳಿಗೆ ಬೇಕು.

ಸಾರ್ ಬಂದು ತೊಲೆ ನೋಡಿ ಎರಡು ದಾರಿ ಹೇಳಿದರು. ಪೂರ್ತಿ ಗೋಡೆ ಎಬ್ಬಿಸಿ ಅದರ ಮೇಲೆ ಕಬ್ಬಿಣದ ತೊಲೆ ಕೂರಿಸುವುದು. ಇಲ್ಲದಿದ್ದರೆ ಮಾಳಿಗೆಯನ್ನೇ ಇಳಿಸಿ ಎರಡು ಬೇರೆ ಬೇರೆ ಶೀಟಿನ ಕೋಣೆ ಮಾಡುವುದು. "ಈ ಭಾನುವಾರದೊಳಗೆ ಇಬ್ಬರೂ ಒಪ್ಪಲಿ. ಒಪ್ಪದಿದ್ದರೆ ಬೊಂಬಿನ ಕೆಳಗೆ ಯಾರನ್ನೂ ಮಲಗಿಸಕೂಡದು, ಇಬ್ಬರನ್ನೂ ಎಲ್ಲಾದರೂ ಸಾಗಿಸಿ," ಎಂದರು. ಎಲ್ಲಾದರೂ ಅಂದರೆ, ಹನುಮಕ್ಕನಿಗೆ ದೂರದ ಊರಿನಲ್ಲಿ ತಮ್ಮನ ಮಕ್ಕಳು. ಗೌರಮ್ಮನಿಗೆ ಯಾರೂ ಇಲ್ಲ.

ಮರುದಿನ ಮತ್ತೆ ಹೋದೆ. ಹನುಮಕ್ಕ ಊರ ಹೊರಗಿನ ಕಣದಲ್ಲಿ ಬೇಸಿಗೆಯಲ್ಲಿ ಕೂಡಿಟ್ಟ ಹುಣಸೆಹಣ್ಣು ಬಿಡಿಸುತ್ತಾ ಕೂತಿದ್ದರು. ನಾನೂ ಕೂತು ಬಿಡಿಸತೊಡಗಿದೆ. ನಾನು ಏನಾದರೂ ಹೇಳಿದರೆ ಅವರು ನನ್ನ ತುಟಿಯನ್ನೇ ನೋಡುವುದು ಕಂಡಿತು. ಸ್ವಲ್ಪ ತಿರುಗಿ ಕೂತು ಮಾತಾಡಿದೆ. ಉತ್ತರ ಬರಲಿಲ್ಲ. ಮತ್ತೆ ಎದುರಿಗೆ ಬಂದು, "ಕಿವಿ ಕೇಳ್ಸಲ್ವಾ ಅಮ್ಮ?" ಎಂದೆ.

"ಹೋಗ್ಯಾವೆ," ಎಂದರು. ಬೀಜ ತೆಗೆದು ಒಂದು ಕಡೆ ಎಸೆದು, ತಾವಾಗಿಯೇ ಮುಂದುವರಿಸಿದರು. "ಗೋಡೆ ಇದ್ದಾಗ ಎಲ್ಲಾ ಕೇಳಿಸ್ತಿತ್ತು ಕಣವ್ವ. ಆಕೆ ಕೆಮ್ಮಿದ್ದು, ಒಲೆ ಊದಿದ್ದು, ಮುದ್ದೆ ತೊಳಸಿದ್ದು. ಮಾತಿಲ್ಲದಿದ್ರೂ ಐದಾಳೆ ಅಂತ ಗೊತ್ತಾಗ್ತಿತ್ತು. ಅದೇ ಸಾಕಾಗಿತ್ತು ನಂಗೆ. ಈಗ ಕಿವಿ ಹೋದ್ವು. ನೀವು ಗೋಡೆ ಎಬ್ಸಿದ್ರೆ ಆಚೆ ಕಡೆ ಆಕೆ ಸತ್ತು ಬಿದ್ರೂ ನಂಗೆ ತಿಳಿಯಲ್ಲ. ಕೇಳಿಸ್ದಿದ್ರೆ ಕಣ್ಣಿಗಾದ್ರೂ ಕಾಣಬೇಕಲ್ಲ?"

ನನ್ನ ಕೈಯಲ್ಲಿದ್ದ ಹುಣಸೆಹಣ್ಣು ಹಾಗೇ ಉಳಿಯಿತು. "ಇದನ್ನು ಅವರಿಗೆ ಹೇಳಬಹುದಲ್ಲ?" ಎಂದೆ.

"ಸಾಯ್ಲಿ. ಅವಳ ಹತ್ರ ಹೇಳ್ತೀನಾ!"

ಅಲ್ಲಿಂದ ಗೌರಮ್ಮನ ಹತ್ತಿರ ಹೋದೆ. ಚಹಾ ಕಾಸಿದರು. ಲೋಟವನ್ನು ನನ್ನ ಕೈಗೆ ಕೊಡದೆ ನೆಲದ ಮೇಲಿಟ್ಟು, ಎಡಗೈಯಿಂದ ನನ್ನ ಕಡೆ ಸರಿಸಿದರು. ಮೊದಲ ದಿನವೂ ಹಾಗೇ ಮಾಡಿದ್ದರು. ನಾನು ಯಾವ ಜಾತಿ ಅಂತ ಅನುಮಾನವೋ ಎಂದುಕೊಂಡಿದ್ದೆ. ಈಗ ನೋಡಿದರೆ ಬಲಗೈ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು.

"ಯಾವಾಗಿಂದ ಅಮ್ಮ?" ಎಂದೆ.

ಅವರು ಸೆರಗು ಎಳೆದು ಕೈ ಮುಚ್ಚಿಕೊಂಡರು. "ಹೋದ್ವರ್ಷ ಲಕ್ವ ಹೊಡೀತು. ಕಾಲು ಸರಿಹೋತು, ಕೈ ಸರಿಹೋಗ್ಲಿಲ್ಲ. ಎಡಗೈಲಿ ಉಣ್ತೀನಿ. ನಾಯಿನೂ ನೋಡಬಾರ್ದು ಹಂಗೆ ಉಣ್ಣೋದ್ನ. ಅಂಥಾದ್ರಾಗೆ ಅಕ್ಕ ನೋಡ್ಬೇಕಾ? ಈ ಮನೆಗೆ ಬಂದ ಹೊಸ್ತ್ರಾಗೆ ಆಕೆ ಮುಂದೆ ಎಷ್ಟು ಮೆರ್ದೀನಿ ಗೊತ್ತಾ? ಕೈ ತುಂಬಾ ಬಳೆ ಹಾಕ್ಕಂಡು, ಇದೇ ಕೈ ಆಡಿಸಿ ಆಡಿಸಿ ಮಾತಾಡ್ತಿದ್ದೆ. ಗೋಡೆ ಬಿದ್ದಾಗಿಂದ ಆಕೆ ಹೊರಗೆ ಹೋದ ಮ್ಯಾಲೇ ಉಣ್ಣೋದು. ಒಂದೊಂದಿನ ಆಕೆ ಹೋಗೋದೇ ಇಲ್ಲ."

ಅಂದರೆ ಆ ದಿನ ಉಪವಾಸ. ಅಕ್ಕ ಎಂಬ ಮಾತು ಅವರ ಬಾಯಿಂದ ಬಂದದ್ದು ಅವರಿಗೇ ಗೊತ್ತಾದ ಹಾಗಿರಲಿಲ್ಲ.

ಬಸ್ಸಿನಲ್ಲಿ ಬರುವಾಗ ಅದನ್ನೇ ಯೋಚಿಸಿದೆ. ಇವರ ಮಾತನ್ನು ಅವರಿಗೆ, ಅವರ ಮಾತನ್ನು ಇವರಿಗೆ ಹೇಳಿದರೆ ಎಲ್ಲ ಸರಿಹೋಗುತ್ತದೆ ಅನಿಸಬಹುದು. ನನಗೆ ಹಾಗನ್ನಿಸಲಿಲ್ಲ. ಇಬ್ಬರೂ ನನ್ನನ್ನು ನಂಬಿ ಹೇಳಿದ್ದರು. ಮನೆಗೆ ಬಂದು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತೆ, ಎದ್ದೆ, ಮತ್ತೆ ಕೂತೆ. ನಮ್ಮ ಮನೆಯವರು, "ಏನೇ ಇದು, ಈ ಮಂಡಿ ಇಟ್ಕೊಂಡು ಯೋಗಾನಾ?" ಎಂದರು.

ಬೆಳಿಗ್ಗೆ ಸಾರ್ ಹತ್ತಿರ ಹೋಗಿ ಹೇಳಿದೆ: "ಸಾರ್, ಗೋಡೆ ಬೇಕು. ಆದರೆ ಹನುಮಕ್ಕನ ಕಡೆಯಿಂದ ನೋಡಿದರೆ ಗೌರಮ್ಮ ಕುಂತರೆ ಕಾಣಬಾರದು, ನಿಂತರೆ ಕಾಣಬೇಕು."

"ಯಾಕೆ?"

"ಅದು ಹೇಳೋ ಹಾಗಿಲ್ಲ ಸಾರ್."

ಸಾರ್ ನನ್ನನ್ನು ನೋಡಿದರು. ಆಮೇಲೆ ಇನ್ನೊಂದು ಮಾತು ಕೇಳದೆ ಪೆನ್ಸಿಲ್ ತೆಗೆದರು. ಗಿಡ್ಡಗಿರುವವರು ಯಾರು, ಎತ್ತರ ಯಾರು, ಒಲೆ ಎಲ್ಲಿ, ಉಣ್ಣಲು ಕೂರುವುದು ಎಲ್ಲಿ ಎಂದು ಕೇಳುತ್ತಾ ಗೀಚಿದರು. ಹನುಮಕ್ಕನ ಎದೆಮಟ್ಟಕ್ಕೆ ಗೋಡೆ. ಅದರ ಮೇಲೆ ಎರಡು ಕಂಬ ಎದ್ದು ಕಬ್ಬಿಣದ ತೊಲೆಯನ್ನು ಹೊರುತ್ತವೆ. ಗೋಡೆಯ ತಲೆಗೆ ಅಗಲವಾದ ಚಪ್ಪಡಿ. "ಚಪ್ಪಡಿ ಅಗಲ ಇದ್ದರೆ ಗಿಡ್ಡಗಿರುವವರು ಬಗ್ಗಿ ಕೆಳಗೆ ನೋಡೋಕಾಗಲ್ಲ," ಎಂದರು. "ಆಚೆಯವರು ಗೋಡೆಗೆ ಒತ್ತಿಕೊಂಡು ಕೂತರೆ ತಲೆಯೂ ಕಾಣಲ್ಲ. ಒಲೆ ಮಾತ್ರ ಗೋಡೆ ಪಕ್ಕಕ್ಕೆ ಬರಬೇಕು." ಆ ಕ್ಷಣ ಸಾರ್ ಮೇಲೆ ನನಗೆ ಬಂದ ಗೌರವ ಅವರು ಕಟ್ಟಿಸಿದ ಯಾವ ಸೇತುವೆ ನೋಡಿಯೂ ಬಂದಿರಲಿಲ್ಲ.

ಭಾನುವಾರ ಕೆಲಸ ಶುರುವಾಯಿತು. ಗೋಡೆ ಏರುತ್ತಾ ಹೋದ ಹಾಗೆ ಈ ಕಡೆಯಿಂದ ಹನುಮಕ್ಕ, "ಸಾಕು, ಸಾಕು ನಿಲ್ಸು!" ಎನ್ನುವುದು, ಆ ಕಡೆಯಿಂದ ಗೌರಮ್ಮ, "ಇನ್ನೊಂದು ವರಸೆ ಏರಿಸ್ರಿ," ಎನ್ನುವುದು. ಖಾಸಿಂ ಸಾಬ್ ಕರಣೆ ಹಿಡಿದು ನಡುವೆ ನಿಂತುಬಿಟ್ಟರು. "ಶಾರದಕ್ಕ, ಮಸೀದಿ ಗೋಡೆ ಕಟ್ಟೀನಿ, ಗುಡಿ ಗೋಡೆ ಕಟ್ಟೀನಿ. ಇಂಥಾ ಗೋಡೆ ಕಟ್ಟಿಲ್ಲ."

ಕೊನೆಗೆ ಇಬ್ಬರನ್ನೂ ಅವರವರ ಕಡೆ ನಿಲ್ಲಿಸಿದೆವು. ಚಪ್ಪಡಿಯನ್ನು ಸುಮ್ಮನೆ ಮೇಲಿಟ್ಟು, ಗೌರಮ್ಮನನ್ನು ಗೋಡೆಗೆ ಒತ್ತಿ ಕೂರಿಸಿದೆವು.

"ಕಾಣ್ತಾರಾ ಅಮ್ಮ?" ಎಂದು ನಾನು ಹನುಮಕ್ಕನ ಎದುರು ನಿಂತು ಕೂಗಿದೆ.

ಹನುಮಕ್ಕ ತುದಿಗಾಲಲ್ಲಿ ನಿಂತು ನೋಡಿದರು. "ಇಲ್ಲ. ಎಲ್ಲಿ ಹೋದ್ಲು?"

"ಏಳ್ರಿ ಅಮ್ಮ," ಎಂದೆ ಗೌರಮ್ಮನಿಗೆ. ಅವರು ಎಡಗೈ ಊರಿ ಎದ್ದರು. ಇಬ್ಬರ ಮುಖವೂ ಚಪ್ಪಡಿಯ ಎರಡು ಬದಿಗೆ ಎದುರಾ ಎದುರು ಬಂತು. ಒಂದು ಗಳಿಗೆ ಹಾಗೇ ನಿಂತರು. ಆಮೇಲೆ ಇಬ್ಬರೂ ಒಟ್ಟಿಗೆ ಮುಖ ತಿರುಗಿಸಿದರು.

"ಚಪ್ಪಡಿ ಕೂರಿಸ್ರಿ ಸಾಬಣ್ಣ," ಎಂದೆ.

ಕೆಲಸ ಬಿಡುವ ಮುಂಚೆ ಒಮ್ಮೆ ಆ ಕಡೆ ಹೋಗಿದ್ದೆ. ಮಳೆಗಾಲ ಕಳೆದಿತ್ತು. ಮಾಳಿಗೆ ಗಟ್ಟಿಯಾಗಿತ್ತು. ಮಧ್ಯಾಹ್ನದ ಹೊತ್ತು. ಹನುಮಕ್ಕ ನನ್ನನ್ನು ಒಳಗೆ ಕರೆದು, ಗೋಡೆಯ ಹತ್ತಿರ ಎಳೆದುಕೊಂಡು ಹೋಗಿ, ಚಪ್ಪಡಿಯ ಮೇಲೆ ಎರಡೂ ಕೈ ಇಟ್ಟು, ಗುಟ್ಟು ಹೇಳುವವರ ಹಾಗೆ ನನ್ನ ಕಿವಿಯ ಬಳಿ ಬಾಯಿ ತಂದರು. ತಾನು ಪಿಸುಗುಡುತ್ತಿದ್ದೇನೆ ಅಂತ ಆಕೆಯ ಲೆಕ್ಕ. ಕೇಳಿಸದವರ ಪಿಸುಮಾತು ಅದು, ಬೀದಿಗೂ ಕೇಳುವಷ್ಟಿತ್ತು.

"ಆಕೆ ಎಡಗೈಲಿ ಉಣ್ತಾಳೆ ಕಣವ್ವ. ಬಲಗೈ ಹೋಗೈತೆ. ಗೋಡೆ ಬಿದ್ದ ಎರಡು ದಿನಕ್ಕೇ ನಂಗೆ ಗೊತ್ತಾತು. ನಾನು ನೋಡಿಲ್ಲ ಅನ್ಕಂಡಾಳೆ ಪಾಪ. ನೀನೂ ಹೇಳಬ್ಯಾಡ, ನಾಚ್ಕೆಂತಾಳೆ."

ನಾನು ಚಪ್ಪಡಿಯ ಮೇಲೆ ಬಗ್ಗಿ ಆ ಕಡೆ ನೋಡಿದೆ. ಗೋಡೆಗೆ ಒತ್ತಿ ಕೂತು ಗೌರಮ್ಮ ಉಣ್ಣುತ್ತಿದ್ದರು. ಎಡಗೈಯಲ್ಲಿ ಮುರಿದ ಮುದ್ದೆಯ ತುತ್ತು ಹಾಗೇ ನಿಂತಿತ್ತು. ತಲೆ ಎತ್ತಿ ನನ್ನನ್ನು ನೋಡಿದರು. ಕಣ್ಣು ತುಂಬಿತ್ತು. ತುಟಿ ನಗುತ್ತಿತ್ತೋ ಏನೋ, ಅಷ್ಟು ಸರಿಯಾಗಿ ಕಾಣಲಿಲ್ಲ.

"ಕೇಳಿಸ್ತು ಅಂತ ಹೇಳಬ್ಯಾಡ್ರಿ," ಎಂದು ಮೆಲ್ಲಗೆ ಹೇಳಿ, ತುತ್ತನ್ನು ಸಾರಿಗೆ ಅದ್ದಿ ನುಂಗಿದರು.

"ಏನಂತಾಳೆ?" ಎಂದು ಹನುಮಕ್ಕ ನನ್ನ ರಟ್ಟೆ ಅಲ್ಲಾಡಿಸಿದರು.

"ಏನಿಲ್ಲಮ್ಮ, ಉಣ್ತಾ ಐದಾರೆ," ಎಂದು ಕೂಗಿದೆ.

"ಉಣ್ಲಿ ಬಿಡು," ಎಂದು ಹೇಳಿ ಹನುಮಕ್ಕ ತಮ್ಮ ಒಲೆಯ ಕಡೆ ಹೋದರು.